ನಿಕೋಲ ಟೆಸ್ಲಾ ಮತ್ತು ರೇಡಿಯೊ ನಿಯಂತ್ರಿತ ಮಾದರಿ ದೋಣಿ

ನಿಕೋಲ ಟೆಸ್ಲಾ (ಜುಲೈ 10, 1856 – ಜನವರಿ 7, 1943) ಸರ್ಬಿಯನ್ ಮೂಲದ ಅಮೆರಿಕನ್ ಸಂಶೋಧಕರು ಹಾಗೂ ವಿದ್ಯುತ್ ಎಂಜಿನಿಯರ್. ಇಂದು ಮನೆಮನೆಗೆ ಬರುತ್ತಿರುವ ಪರ್ಯಾಯ ವಿದ್ಯುತ್ ಪ್ರವಾಹದ (ಎ.ಸಿ.) ವ್ಯವಸ್ಥೆಯನ್ನು ರೂಪಿಸಿದವರಲ್ಲಿ ಇವರು ಅಗ್ರಗಣ್ಯರು. 1898ರಲ್ಲಿ ನ್ಯೂಯಾರ್ಕ್ ನಗರದಲ್ಲಿ ತಂತಿಯ ಸಂಪರ್ಕವಿಲ್ಲದೆ ದೂರದಿಂದಲೇ ನಡೆಸಬಹುದಾದ ಒಂದು ಮಾದರಿ ದೋಣಿಯನ್ನು ಇವರು ಸಾರ್ವಜನಿಕರಿಗೆ ತೋರಿಸಿದರು. ಇಂದಿನ ರೇಡಿಯೊ ನಿಯಂತ್ರಿತ ಆಟಿಕೆ ಹಾಗೂ ಮಾದರಿ ದೋಣಿಗಳು, ಡ್ರೋನ್‌ಗಳು ಮತ್ತು ದೂರನಿಯಂತ್ರಿತ ಯಂತ್ರಗಳಿಗೆಲ್ಲ ಈ ದೋಣಿಯೇ ಮೂಲಪುರುಷನೆಂದು ಪರಿಗಣಿಸಲಾಗಿದೆ. ಆದರೆ ಅದು ನಿರ್ಮಾಣವಾದ ಕಾಲದಲ್ಲಿ ಹೆಚ್ಚಿನವರು ಅದನ್ನು ಒಂದು ಚಮತ್ಕಾರವೆಂದೇ ಭಾವಿಸಿದರು.

ಜನನ ಮತ್ತು ಬಾಲ್ಯ

ಟೆಸ್ಲಾ ಅವರು ಅಂದಿನ ಆಸ್ಟ್ರಿಯನ್ ಸಾಮ್ರಾಜ್ಯಕ್ಕೆ ಸೇರಿದ್ದ, ಇಂದಿನ ಕ್ರೊಯೇಷಿಯಾ ದೇಶದಲ್ಲಿರುವ ಸ್ಮಿಲ್ಯಾನ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಮಿಲುಟಿನ್ ಟೆಸ್ಲಾ ಸರ್ಬಿಯನ್ ಆರ್ಥಡಾಕ್ಸ್ ಚರ್ಚಿನ ಪಾದ್ರಿಗಳು. ತಾಯಿ ಜೂಕಾ ಅವರು ಶಾಲೆಯ ವಿದ್ಯೆ ಪಡೆದವರಲ್ಲದಿದ್ದರೂ ಮನೆಗೆಲಸಕ್ಕೆ ಬೇಕಾದ ಸಣ್ಣಪುಟ್ಟ ಸಾಧನಗಳನ್ನು ತಾವೇ ಮಾಡಿಕೊಳ್ಳುತ್ತಿದ್ದರು. ದೀರ್ಘವಾದ ಜನಪದ ವೀರಕಾವ್ಯಗಳು ಅವರಿಗೆ ಕಂಠಪಾಠವಾಗಿದ್ದವು. ತಮ್ಮ ಜ್ಞಾಪಕಶಕ್ತಿ ಮತ್ತು ಕೈಕುಶಲತೆ ತಾಯಿಯಿಂದ ಬಂದವೆಂದು ಟೆಸ್ಲಾ ನಂಬಿದ್ದರು. ಐವರು ಮಕ್ಕಳಲ್ಲಿ ಅವರು ನಾಲ್ಕನೆಯವರು. ಅಣ್ಣ ಡಾನೆ ಕುದುರೆಯಿಂದಾದ ಅಪಘಾತದಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡದ್ದು ಬಾಲಕನ ಮನಸ್ಸಿನ ಮೇಲೆ ಆಳವಾದ ಗಾಯವನ್ನು ಉಳಿಸಿತು.

ಟೆಸ್ಲಾ ಅವರಿಗೆ ನೀರು ಮತ್ತು ಯಂತ್ರಗಳ ಸಂಬಂಧದಲ್ಲಿ ಬಾಲ್ಯದಿಂದಲೇ ಕುತೂಹಲವಿತ್ತು. ಹಳ್ಳಿಯ ತೊರೆಯಲ್ಲಿ ಹಲಗೆಗಳಿಲ್ಲದ ಒಂದು ಸಣ್ಣ ನೀರಿನ ಚಕ್ರವನ್ನು ಮಾಡಿ ತಿರುಗಿಸಿದ ಪ್ರಸಂಗವನ್ನು ಅವರು ತಮ್ಮ ಆತ್ಮಕಥನದಲ್ಲಿ ನೆನೆದಿದ್ದಾರೆ. ನಯಾಗರ ಜಲಪಾತದ ವರ್ಣನೆಯನ್ನು ಓದಿ, ಮುಂದೊಂದು ದಿನ ಅಮೆರಿಕಕ್ಕೆ ಹೋಗಿ ಆ ನೀರಿನಿಂದ ದೊಡ್ಡ ಚಕ್ರವೊಂದನ್ನು ತಿರುಗಿಸುವೆನೆಂದು ಚಿಕ್ಕಪ್ಪನಿಗೆ ಹೇಳಿದ್ದುದಾಗಿಯೂ ಬರೆದಿದ್ದಾರೆ.

ವಿದ್ಯಾಭ್ಯಾಸ

ಗೋಸ್ಪಿಚ್ ಮತ್ತು ಕಾರ್ಲೋವಾಟ್ಸ್ ಪಟ್ಟಣಗಳಲ್ಲಿ ಟೆಸ್ಲಾ ಅವರ ಶಾಲಾ ಶಿಕ್ಷಣ ನಡೆಯಿತು. ಮಗ ತಮ್ಮಂತೆಯೇ ಪಾದ್ರಿಯಾಗಬೇಕೆಂಬುದು ತಂದೆಯ ಇಚ್ಛೆಯಾಗಿತ್ತು. 1873ರಲ್ಲಿ ಟೆಸ್ಲಾ ಕಾಲರಾ ರೋಗಕ್ಕೆ ತುತ್ತಾಗಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ಬದುಕುವ ಆಸೆ ಕ್ಷೀಣಿಸಿದ್ದಾಗ, ಗುಣಮುಖನಾದರೆ ಎಂಜಿನಿಯರಿಂಗ್ ಕಲಿಯಲು ಕಳುಹಿಸುವುದಾಗಿ ತಂದೆ ಮಾತು ಕೊಟ್ಟರು. ಆ ಮಾತಿನಂತೆ 1875ರಲ್ಲಿ ಆಸ್ಟ್ರಿಯಾದ ಗ್ರಾಟ್ಸ್ ನಗರದ ತಾಂತ್ರಿಕ ವಿದ್ಯಾಲಯಕ್ಕೆ ಸೇರಿದರು.

ಅಲ್ಲಿ ತರಗತಿಯಲ್ಲಿ ತೋರಿಸಿದ ಗ್ರಾಮ್ ಡೈನಮೊ ಯಂತ್ರ ಅವರ ಬಾಳಿನ ದಿಕ್ಕನ್ನು ನಿರ್ಧರಿಸಿತು. ಯಂತ್ರವನ್ನು ಮೋಟಾರಿನಂತೆ ನಡೆಸಿದಾಗ ಅದರ ಕಮ್ಯುಟೇಟರ್ ಭಾಗದಲ್ಲಿ ಕಿಡಿಗಳು ಹಾರುತ್ತಿದ್ದವು. ಆ ಭಾಗವೇ ಇಲ್ಲದ ಮೋಟಾರನ್ನು ಮಾಡಬಹುದಲ್ಲವೇ ಎಂದು ಟೆಸ್ಲಾ ಪ್ರಶ್ನಿಸಿದಾಗ, ಅದು ಅಸಾಧ್ಯವೆಂದು ಪ್ರಾಧ್ಯಾಪಕರು ತರಗತಿಯಲ್ಲೇ ವಿವರಿಸಿದರು. ಮೊದಲ ವರ್ಷ ಉತ್ತಮ ಅಂಕಗಳನ್ನು ಪಡೆದಿದ್ದರೂ ಮುಂದೆ ಓದು ಕುಂಠಿತವಾಗಿ, ಪದವಿ ಪಡೆಯದೆಯೇ ಅವರು ವಿದ್ಯಾಲಯವನ್ನು ಬಿಟ್ಟರು. 1879ರಲ್ಲಿ ತಂದೆ ನಿಧನರಾದರು.

1881ರಲ್ಲಿ ಬುಡಾಪೆಸ್ಟ್ ನಗರಕ್ಕೆ ತೆರಳಿದ ಟೆಸ್ಲಾ ದೂರವಾಣಿ ವಿನಿಮಯ ಕೇಂದ್ರದ ಕೆಲಸಕ್ಕೆ ಸೇರಿದರು. 1882ರಲ್ಲಿ ಅಲ್ಲಿನ ಉದ್ಯಾನವನದಲ್ಲಿ ಗೆಳೆಯನೊಂದಿಗೆ ನಡೆಯುತ್ತಿದ್ದಾಗ, ತಿರುಗುವ ಕಾಂತಕ್ಷೇತ್ರದ ಕಲ್ಪನೆ ಅವರಿಗೆ ಹೊಳೆಯಿತು. ಕೋಲಿನಿಂದ ಮರಳಿನ ಮೇಲೆ ಅದರ ಚಿತ್ರವನ್ನು ಬರೆದು ಗೆಳೆಯನಿಗೆ ವಿವರಿಸಿದರು. ಪ್ರಾಧ್ಯಾಪಕರು ಅಸಾಧ್ಯವೆಂದಿದ್ದ, ಕಿಡಿ ಹಾರದ ಮೋಟಾರಿಗೆ ಈ ಕಲ್ಪನೆಯೇ ತಳಹದಿಯಾಯಿತು.

ಅಮೆರಿಕಕ್ಕೆ ಪಯಣ ಮತ್ತು ಪರ್ಯಾಯ ವಿದ್ಯುತ್

ಪ್ಯಾರಿಸ್‌ನಲ್ಲಿ ಎಡಿಸನ್ ಕಂಪನಿಯ ಶಾಖೆಯೊಂದರಲ್ಲಿ ದುಡಿದ ಟೆಸ್ಲಾ 1884ರಲ್ಲಿ ನ್ಯೂಯಾರ್ಕಿಗೆ ಬಂದು, ಥಾಮಸ್ ಆಲ್ವ ಎಡಿಸನ್ ಅವರ ಯಂತ್ರಶಾಲೆಯಲ್ಲಿ ಕೆಲಸಕ್ಕೆ ಸೇರಿದರು. ಸುಮಾರು ಆರು ತಿಂಗಳಲ್ಲೇ ಅಸಮಾಧಾನದಿಂದ ಹೊರಬಂದರು. ನಂತರ ಆರಂಭಿಸಿದ ಮೊದಲ ಉದ್ಯಮವೂ ಕೈತಪ್ಪಿ, ಹೊಟ್ಟೆಪಾಡಿಗಾಗಿ ಕಂದಕ ತೋಡುವ ಕೂಲಿಯನ್ನೂ ಮಾಡಬೇಕಾಯಿತು.

1887ರಲ್ಲಿ ಇಬ್ಬರು ಹೂಡಿಕೆದಾರರ ನೆರವಿನಿಂದ ಸ್ವಂತ ಪ್ರಯೋಗಾಲಯ ದೊರೆಯಿತು. 1888ರ ಮೇ ತಿಂಗಳಿನಲ್ಲಿ ಪರ್ಯಾಯ ವಿದ್ಯುತ್ ಮೋಟಾರಿನ ಪೇಟೆಂಟ್‌ಗಳು ಮಂಜೂರಾದವು. ಅದೇ ತಿಂಗಳು ಅಮೆರಿಕದ ವಿದ್ಯುತ್ ಎಂಜಿನಿಯರುಗಳ ಸಂಸ್ಥೆಯಲ್ಲಿ ಅವರು ನೀಡಿದ ಉಪನ್ಯಾಸ ಪ್ರಸಿದ್ಧವಾಯಿತು. ಉದ್ಯಮಿ ಜಾರ್ಜ್ ವೆಸ್ಟಿಂಗ್‌ಹೌಸ್ ಅವರು ಪ್ರತಿ ಅಶ್ವಶಕ್ತಿಗೆ 2.50 ಡಾಲರ್ ಗೌರವಧನ ನೀಡುವ ಒಪ್ಪಂದದ ಮೇಲೆ ಈ ಹಕ್ಕುಗಳನ್ನು ಪಡೆದರು. ಮುಂದೆ ಆ ಕಂಪನಿ ಹಣಕಾಸಿನ ಮುಗ್ಗಟ್ಟಿಗೆ ಸಿಲುಕಿದಾಗ ಟೆಸ್ಲಾ ಈ ಗೌರವಧನವನ್ನು ಬಿಟ್ಟುಕೊಟ್ಟರು. 1893ರ ಚಿಕಾಗೊ ವಿಶ್ವಪ್ರದರ್ಶನ ಪರ್ಯಾಯ ವಿದ್ಯುತ್ತಿನ ದೀಪಗಳಿಂದ ಬೆಳಗಿತು. 1896ರ ನವೆಂಬರಿನಲ್ಲಿ ನಯಾಗರದ ವಿದ್ಯುತ್ ಬಫಲೊ ನಗರವನ್ನು ತಲುಪಿದಾಗ ಅವರ ಬಾಲ್ಯದ ಕನಸು ನನಸಾಯಿತು.

ದೂರಕ್ಕೆ ವಿದ್ಯುತ್ ಸಾಗಿಸುವ ಈ ವಿಧಾನ ಕೆಲವೇ ವರ್ಷಗಳಲ್ಲಿ ಮೈಸೂರು ಸಂಸ್ಥಾನಕ್ಕೂ ಬಂದಿತು. 1902ರಲ್ಲಿ ಕಾವೇರಿ ನದಿಯ ಶಿವನಸಮುದ್ರ ಜಲಪಾತದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗಳಿಗೆ ಪರ್ಯಾಯ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ವಿದ್ಯುದ್ದೀಪಗಳು ಬಂದವು.

1896ರಲ್ಲಿ ಸ್ವಾಮಿ ವಿವೇಕಾನಂದರು ನ್ಯೂಯಾರ್ಕಿನಲ್ಲಿ ಟೆಸ್ಲಾ ಅವರನ್ನು ಭೇಟಿಯಾಗಿದ್ದರು. ವೇದಾಂತದ ಪ್ರಾಣ ಮತ್ತು ಆಕಾಶ ತತ್ತ್ವಗಳ ಬಗ್ಗೆ ಟೆಸ್ಲಾ ತೋರಿದ ಆಸಕ್ತಿಯನ್ನು ವಿವೇಕಾನಂದರು ಪತ್ರವೊಂದರಲ್ಲಿ ದಾಖಲಿಸಿದ್ದಾರೆ.

ದೂರನಿಯಂತ್ರಣದ ಹಿನ್ನೆಲೆ

1895ರ ಮಾರ್ಚ್ 13ರಂದು ನಡೆದ ಬೆಂಕಿ ಅನಾಹುತದಲ್ಲಿ ಟೆಸ್ಲಾ ಅವರ ಪ್ರಯೋಗಾಲಯ ಸುಟ್ಟುಹೋಯಿತು. ವರ್ಷಗಳ ಶ್ರಮದ ಉಪಕರಣಗಳು, ಟಿಪ್ಪಣಿಗಳು ಬೂದಿಯಾದವು. ಬಳಿಕ ಅವರು ಹ್ಯೂಸ್ಟನ್ ಬೀದಿಯಲ್ಲಿ ಹೊಸ ಪ್ರಯೋಗಾಲಯವನ್ನು ತೆರೆದು, ತಂತಿರಹಿತ ಸಂಕೇತಗಳ ಮೇಲೆ ಗಮನ ಹರಿಸಿದರು.

ಆ ಕಾಲದಲ್ಲಿ ಅನೇಕ ದೇಶಗಳಲ್ಲಿ ವಿದ್ಯುತ್ಕಾಂತೀಯ ತರಂಗಗಳ ಪ್ರಯೋಗಗಳು ನಡೆಯುತ್ತಿದ್ದವು. ಫ್ರಾನ್ಸಿನ ಎಡ್ವರ್ಡ್ ಬ್ರಾನ್ಲಿ ತರಂಗಗಳನ್ನು ಗ್ರಹಿಸುವ ಸಾಧನವನ್ನು ರೂಪಿಸಿದ್ದರು. ಕಲ್ಕತ್ತಾದಲ್ಲಿ ಜಗದೀಶಚಂದ್ರ ಬೋಸ್ ಅವರು ತರಂಗಗಳ ಮೂಲಕ ದೂರದಲ್ಲಿದ್ದ ಗಂಟೆಯನ್ನು ಬಾರಿಸಿ, ಮದ್ದಿನ ಪುಡಿಯನ್ನು ಸಿಡಿಸಿ ತೋರಿಸಿದ್ದರು. ಇಟಲಿಯ ಮಾರ್ಕೋನಿ ತಂತಿರಹಿತವಾಗಿ ಸುದ್ದಿ ಕಳುಹಿಸುವ ಕೆಲಸದಲ್ಲಿ ತೊಡಗಿದ್ದರು. ಟೆಸ್ಲಾ ಅವರ ಗುರಿ ಇವೆಲ್ಲಕ್ಕಿಂತ ಭಿನ್ನವಾಗಿತ್ತು. ಒಂದು ಸಂಕೇತ ತಲುಪಿತೆಂದು ತಿಳಿದರೆ ಅವರಿಗೆ ಸಾಲದು; ಸಂಕೇತಗಳ ಸರಣಿಯಿಂದ ಚಲಿಸುವ ಯಂತ್ರವೊಂದು ಹೊರಡುವಂತೆ, ನಿಲ್ಲುವಂತೆ, ತಿರುಗುವಂತೆ ಮಾಡಬೇಕಿತ್ತು.

ದೋಣಿಯ ರಚನೆ

ಸುಮಾರು ನಾಲ್ಕು ಅಡಿ ಉದ್ದದ ಈ ದೋಣಿಯ ಒಡಲು ಲೋಹದ್ದಾಗಿತ್ತು. ಒಳಗೆ ವಿದ್ಯುತ್ ಸಂಗ್ರಹಿಸುವ ಬ್ಯಾಟರಿ, ಪ್ರೊಪೆಲ್ಲರನ್ನು ತಿರುಗಿಸುವ ಒಂದು ಮೋಟಾರು, ಚುಕ್ಕಾಣಿಯನ್ನು ತಿರುಗಿಸುವ ಇನ್ನೊಂದು ಮೋಟಾರು ಇದ್ದವು. ಮೇಲೆ ಎದ್ದುನಿಂತ ಸರಳು ತರಂಗಗಳನ್ನು ಹಿಡಿಯುವ ಆಂಟೆನಾ ಆಗಿತ್ತು. ದೂರದಿಂದಲೂ ದೋಣಿಯ ಸ್ಥಿತಿ ತಿಳಿಯಲೆಂದು ಕಂಬಗಳ ಮೇಲೆ ಸಣ್ಣ ವಿದ್ಯುದ್ದೀಪಗಳನ್ನು ಅಳವಡಿಸಲಾಗಿತ್ತು.

ಗ್ರಾಹಕದ ಮುಖ್ಯ ಭಾಗ ಕೊಹೆರರ್ ಎಂಬ ಸಣ್ಣ ಕೊಳವೆ. ಅದರೊಳಗೆ ಲೋಹದ ಕಣಗಳನ್ನು ಸಡಿಲವಾಗಿ ತುಂಬಲಾಗಿರುತ್ತದೆ. ಸಾಮಾನ್ಯ ಸ್ಥಿತಿಯಲ್ಲಿ ಈ ಕಣಗಳು ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ರೇಡಿಯೊ ತರಂಗ ತಾಗಿದೊಡನೆ ಅವು ಒಂದಕ್ಕೊಂದು ಅಂಟಿಕೊಂಡು ವಿದ್ಯುತ್ತಿಗೆ ದಾರಿ ಬಿಡುತ್ತವೆ. ಆದರೆ ತರಂಗ ನಿಂತ ಮೇಲೂ ಅವು ಹಾಗೆಯೇ ಅಂಟಿಕೊಂಡಿರುತ್ತವೆ; ಅವನ್ನು ಮತ್ತೆ ಸಡಿಲಗೊಳಿಸದಿದ್ದರೆ ಮುಂದಿನ ಸಂಕೇತ ತಿಳಿಯದು. ಟೆಸ್ಲಾ ಪ್ರತಿ ಸಂಕೇತದ ನಂತರ ಕೊಳವೆಯೇ ತಲೆಕೆಳಗಾಗುವಂತೆ ಮಾಡಿ ಈ ತೊಡಕನ್ನು ನಿವಾರಿಸಿದರು.

ಸಂಕೇತ ಬಂದಾಗ ರಿಲೇಯ ಮೂಲಕ ಒಂದು ಬಿಲ್ಲೆ ಒಂದು ಹೆಜ್ಜೆಯಷ್ಟು ತಿರುಗುತ್ತಿತ್ತು. ಬಿಲ್ಲೆಯ ಒಂದೊಂದು ಹೆಜ್ಜೆಗೂ ಚುಕ್ಕಾಣಿಯ ಒಂದೊಂದು ಕ್ರಿಯೆ ನಿಗದಿಯಾಗಿತ್ತು: ಒಂದು ಸಂಕೇತಕ್ಕೆ ಚುಕ್ಕಾಣಿ ಒಂದು ಪಕ್ಕಕ್ಕೆ ಹೊರಳುವುದು, ಮರುಸಂಕೇತಕ್ಕೆ ನಿಲ್ಲುವುದು, ಮತ್ತೊಂದಕ್ಕೆ ಎದುರು ಪಕ್ಕಕ್ಕೆ ಹೊರಳುವುದು, ಇನ್ನೊಂದಕ್ಕೆ ಮತ್ತೆ ನಿಲ್ಲುವುದು. ಹೀಗೆ ಒಂದೇ ಬಗೆಯ ಸಂಕೇತವನ್ನು ಮತ್ತೆಮತ್ತೆ ಕಳುಹಿಸಿ ಬೇರೆಬೇರೆ ಕೆಲಸಗಳನ್ನು ಮಾಡಿಸಲು ಸಾಧ್ಯವಾಯಿತು. ನಡೆಸುವವರ ಕೈಯಲ್ಲಿ ಹಿಡಿಕೆಯುಳ್ಳ ಒಂದು ಸಣ್ಣ ನಿಯಂತ್ರಣ ಪೆಟ್ಟಿಗೆ ಇರುತ್ತಿತ್ತು.

1898ರ ಪ್ರದರ್ಶನ

ಅಮೆರಿಕ ಮತ್ತು ಸ್ಪೇನ್ ನಡುವೆ ಯುದ್ಧ ನಡೆದ 1898ನೆಯ ವರ್ಷವೇ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ವಿದ್ಯುತ್ ವಸ್ತುಪ್ರದರ್ಶನ ಏರ್ಪಟ್ಟಿತು. ಅಲ್ಲಿ ನೀರು ತುಂಬಿದ ಕೊಳದಲ್ಲಿ ಟೆಸ್ಲಾ ದೋಣಿಯನ್ನು ನಡೆಸಿ ತೋರಿಸಿದರು. ಯಾರೂ ಮುಟ್ಟದೆ ದೋಣಿ ಹೊರಟು, ತಿರುಗಿ, ದೀಪ ಮಿನುಗಿಸಿದ್ದನ್ನು ಕಂಡು ನೆರೆದವರು ಬೆರಗಾದರು. ಪ್ರೇಕ್ಷಕರು ಕೇಳಿದ ಗಣಿತದ ಪ್ರಶ್ನೆಗಳಿಗೆ ದೋಣಿ ದೀಪಗಳನ್ನು ಮಿನುಗಿಸಿ ಉತ್ತರಿಸಿತೆಂದು ಹೇಳಲಾಗುತ್ತದೆ. ಉತ್ತರ ಕೊಡುತ್ತಿದ್ದವರು ನಿಯಂತ್ರಣ ಪೆಟ್ಟಿಗೆ ಹಿಡಿದಿದ್ದ ಟೆಸ್ಲಾ ಅವರೇ. ಇದು ಮಾಟವೆಂದು, ಮನಶ್ಶಕ್ತಿಯೆಂದು, ಒಳಗೆ ತರಬೇತಿ ಪಡೆದ ಕೋತಿ ಕುಳಿತಿದೆಯೆಂದು ಜನ ಊಹಿಸಿದರೆಂಬ ಕಥೆಗಳೂ ಪ್ರಚಲಿತವಾಗಿವೆ. ರೇಡಿಯೊ ಎಂಬುದು ಜನಸಾಮಾನ್ಯರ ಅನುಭವಕ್ಕೇ ಬಾರದಿದ್ದ ದಿನಗಳಲ್ಲಿ ಇಂತಹ ಊಹೆಗಳು ಸಹಜವಾಗಿದ್ದವು.

ಪೇಟೆಂಟ್ ಮತ್ತು ಟೆಸ್ಲಾ ಅವರ ಆಶಯ

1898ರ ಜುಲೈ 1ರಂದು ಸಲ್ಲಿಸಿದ ಅರ್ಜಿಗೆ ಅದೇ ವರ್ಷ ನವೆಂಬರ್ 8ರಂದು 6,13,809 ಸಂಖ್ಯೆಯ ಅಮೆರಿಕನ್ ಪೇಟೆಂಟ್ ದೊರೆಯಿತು. ಪೇಟೆಂಟ್ ಕಚೇರಿಯ ಹಿರಿಯ ಪರೀಕ್ಷಕರು ದೋಣಿಯನ್ನು ಕಣ್ಣಾರೆ ಕಾಣಲು ನ್ಯೂಯಾರ್ಕಿಗೇ ಬಂದಿದ್ದರೆಂದು ಟೆಸ್ಲಾ ಆತ್ಮಕಥನದಲ್ಲಿ ಬರೆದಿದ್ದಾರೆ. ಈ ಸಂಶೋಧನೆಯನ್ನು ಸರ್ಕಾರಕ್ಕೆ ನೀಡಲು ಮುಂದಾದಾಗ ವಾಷಿಂಗ್ಟನ್ನಿನ ಅಧಿಕಾರಿಯೊಬ್ಬರು ನಕ್ಕುಬಿಟ್ಟರೆಂದೂ ಅವರು ನೆನೆದಿದ್ದಾರೆ.

ದೂರದ ದುರ್ಗಮ ಪ್ರದೇಶಗಳನ್ನು ಶೋಧಿಸಲು, ಜೀವರಕ್ಷಣೆಗೆ, ಪತ್ರ ಮತ್ತು ಆಹಾರ ಸಾಗಿಸಲು ಇಂತಹ ವಾಹನಗಳು ಬಳಕೆಯಾಗಬಹುದೆಂದು ಪೇಟೆಂಟಿನಲ್ಲಿ ಸೂಚಿಸಲಾಗಿದೆ. ಆದರೆ ಯುದ್ಧದ ಮೇಲೆ ಇದರ ಪರಿಣಾಮವೇ ಎಲ್ಲಕ್ಕಿಂತ ದೊಡ್ಡದೆಂದು ಟೆಸ್ಲಾ ನಂಬಿದ್ದರು. ಮಾನವರಿಲ್ಲದ ಆಯುಧಗಳ ವಿನಾಶಶಕ್ತಿಗೆ ಅಂಜಿ ರಾಷ್ಟ್ರಗಳು ಶಾಂತಿಯಿಂದಿರುತ್ತವೆ ಎಂಬುದು ಅವರ ತರ್ಕವಾಗಿತ್ತು. ಆಯುಧಗಳು ದೂರನಿಯಂತ್ರಿತವಾದವು; ಆದರೆ ಅವುಗಳ ಭಯದಿಂದ ಯುದ್ಧಗಳು ನಿಲ್ಲಲಿಲ್ಲ.

ಇದಕ್ಕಿಂತ ಆಳವಾದ ಇನ್ನೊಂದು ಚಿಂತನೆಯೂ ದೋಣಿಯ ಹಿಂದೆ ಇತ್ತು. ಮನುಷ್ಯನೂ ಹೊರಗಿನ ಪ್ರೇರಣೆಗಳಿಗೆ ಸ್ಪಂದಿಸುವ ಒಂದು ಬಗೆಯ ಸ್ವಯಂಚಾಲಿತ ಯಂತ್ರವೆಂದು ಟೆಸ್ಲಾ ಭಾವಿಸಿದ್ದರು. ದೋಣಿ ತನ್ನನ್ನು ನಡೆಸುವವನ ಬುದ್ಧಿಯನ್ನು ಎರವಲು ಪಡೆದ ಯಂತ್ರ. ಮುಂದೆ ಸ್ವಂತ ವಿವೇಚನೆಯಿಂದ ವರ್ತಿಸುವ ಯಂತ್ರಗಳೂ ಬರುತ್ತವೆ ಎಂದು 1900ರ ಜೂನ್ ತಿಂಗಳ ಸೆಂಚುರಿ ಪತ್ರಿಕೆಯ ದೀರ್ಘ ಲೇಖನದಲ್ಲಿ ಅವರು ಪ್ರತಿಪಾದಿಸಿದರು.

ಒಂದೇ ಆವೃತ್ತಿಯ ಸಂಕೇತವನ್ನು ಇತರರೂ ಕಳುಹಿಸಿ ದೋಣಿಯ ದಾರಿ ತಪ್ಪಿಸಬಹುದೆಂಬ ಅಪಾಯವನ್ನು ಅವರು ಮನಗಂಡಿದ್ದರು. ಆದ್ದರಿಂದ ಎರಡು ಅಥವಾ ಹೆಚ್ಚು ಆವೃತ್ತಿಗಳ ತರಂಗಗಳು ಕೂಡಿ ಬಂದಾಗ ಮಾತ್ರ ಗ್ರಾಹಕ ಕೆಲಸ ಮಾಡುವಂತಹ ವಿಧಾನವನ್ನು ರೂಪಿಸಿ, 1903ರಲ್ಲಿ ಅದಕ್ಕೂ ಪೇಟೆಂಟ್ ಪಡೆದರು. ಎರಡು ನಿಬಂಧನೆಗಳೂ ಈಡೇರಿದರಷ್ಟೇ ಫಲ ಕೊಡುವ ಈ ಏರ್ಪಾಡು ಇಂದಿನ ಗಣಕಯಂತ್ರಗಳ ತಾರ್ಕಿಕ ದ್ವಾರಗಳನ್ನು ಹೋಲುತ್ತದೆ.

ಕೊಲೊರಾಡೊ ಮತ್ತು ವಾರ್ಡನ್‌ಕ್ಲಿಫ್

1899ರಲ್ಲಿ ಟೆಸ್ಲಾ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ಪ್ರಯೋಗಾಲಯ ನಿರ್ಮಿಸಿ, ತಂತಿಯಿಲ್ಲದೆ ವಿದ್ಯುತ್ತನ್ನೇ ಸಾಗಿಸುವ ಪ್ರಯೋಗಗಳನ್ನು ನಡೆಸಿದರು. 1901ರಲ್ಲಿ ಬ್ಯಾಂಕ್ ಒಡೆಯ ಜೆ. ಪಿ. ಮಾರ್ಗನ್ ಅವರು ನೀಡಿದ 1,50,000 ಡಾಲರ್ ನೆರವಿನಿಂದ ಲಾಂಗ್ ಐಲೆಂಡಿನ ವಾರ್ಡನ್‌ಕ್ಲಿಫ್‌ನಲ್ಲಿ ಸುಮಾರು 57 ಮೀಟರ್ ಎತ್ತರದ ಗೋಪುರದ ಕೆಲಸ ಆರಂಭವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮಾರ್ಕೋನಿ ಅಟ್ಲಾಂಟಿಕ್ ಸಾಗರದಾಚೆಗೆ ಸಂಕೇತ ಕಳುಹಿಸಿದರು. ಹೆಚ್ಚಿನ ಹಣ ದೊರೆಯದೆ ಗೋಪುರದ ಯೋಜನೆ ಸ್ಥಗಿತವಾಯಿತು. 1917ರಲ್ಲಿ ಅದನ್ನು ಕೆಡವಲಾಯಿತು. 1909ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ತಂತಿರಹಿತ ಸಂಪರ್ಕಕ್ಕಾಗಿ ಮಾರ್ಕೋನಿ ಮತ್ತು ಬ್ರೌನ್ ಹಂಚಿಕೊಂಡರು.

ವಿಶ್ವವ್ಯಾಪಿ ವಿದ್ಯುತ್ ಪ್ರಸಾರದ ಈ ಮಹಾಯೋಜನೆ ಟೆಸ್ಲಾ ಅವರ ಸಮಯ ಮತ್ತು ಸಂಪತ್ತನ್ನೆಲ್ಲ ನುಂಗಿತು. ಕೈಯಲ್ಲಿ ಸಿದ್ಧವಾಗಿದ್ದ ದೋಣಿಯನ್ನು ಮಾರುಕಟ್ಟೆಗೆ ತರುವ ಕೆಲಸ ಹಿಂದೆ ಬಿತ್ತು. ಹದಿನೇಳು ವರ್ಷಗಳ ಅವಧಿ ಮುಗಿದು 1915ರಲ್ಲಿ ದೋಣಿಯ ಪೇಟೆಂಟ್ ಹಕ್ಕು ಕೊನೆಗೊಂಡಿತು.

ದೋಣಿಯ ಮುಂದಿನ ಪರಂಪರೆ

1910ರ ದಶಕದಲ್ಲಿ ಅಮೆರಿಕದ ಜಾನ್ ಹೇಸ್ ಹ್ಯಾಮಂಡ್ ಜೂನಿಯರ್ ಅವರು ಮ್ಯಾಸಚೂಸೆಟ್ಸ್‌ನ ಗ್ಲಾಸ್ಟರ್ ಬಂದರಿನಲ್ಲಿ ದೊಡ್ಡ ದೋಣಿಗಳನ್ನು ರೇಡಿಯೊ ಮೂಲಕ ನಡೆಸಿ ಈ ವಿದ್ಯೆಯನ್ನು ಮುಂದುವರಿಸಿದರು. 1938ರಲ್ಲಿ ರೇಡಿಯೊ ನಿಯಂತ್ರಣಕ್ಕೆಂದೇ ಆರ್‌ಕೆ 61 ಎಂಬ ಸಣ್ಣ ಅನಿಲ ಕವಾಟ ಮಾರುಕಟ್ಟೆಗೆ ಬಂದ ಮೇಲೆ ಹಗುರವಾದ ಗ್ರಾಹಕಗಳು ಸಾಧ್ಯವಾಗಿ, ಮಾದರಿ ವಿಮಾನ ಮತ್ತು ದೋಣಿಗಳನ್ನು ನಡೆಸುವುದು ಜನಸಾಮಾನ್ಯರ ಹವ್ಯಾಸವಾಗಿ ಬೆಳೆಯಿತು.

ಎರಡನೆಯ ಮಹಾಯುದ್ಧದ ನಂತರದ ಹವ್ಯಾಸಿ ದೋಣಿಗಳಲ್ಲಿ ಎಸ್ಕೇಪ್‌ಮೆಂಟ್ ಎಂಬ ಸರಳ ಸಾಧನ ಬಳಕೆಯಲ್ಲಿತ್ತು. ತಿರುಚಿದ ರಬ್ಬರ್ ಪಟ್ಟಿಯ ಬಲದಿಂದ ನಡೆಯುವ ಈ ಸಾಧನ, ಗುಂಡಿಯನ್ನು ಒತ್ತಿದಂತೆಲ್ಲ ಚುಕ್ಕಾಣಿಯನ್ನು ಬಲಕ್ಕೆ, ನಡುವಿಗೆ, ಎಡಕ್ಕೆ, ಮತ್ತೆ ನಡುವಿಗೆ ಎಂದು ಸರದಿಯಂತೆ ಹೊರಳಿಸುತ್ತದೆ. ಟೆಸ್ಲಾ ಅವರ ದೋಣಿಯ ಬಿಲ್ಲೆ ಅರ್ಧ ಶತಮಾನದ ಹಿಂದೆ ಮಾಡುತ್ತಿದ್ದುದೂ ಇದೇ ರೀತಿಯ ಕೆಲಸ. ಈಗ ಇಂತಹ ಹಳೆಯ ದೋಣಿಗಳನ್ನು ಹುಡುಕಿ ಕೊಂಡು ದುರಸ್ತಿ ಮಾಡುವ ಹವ್ಯಾಸಿಗಳು ಹಲವು ದೇಶಗಳಲ್ಲಿದ್ದಾರೆ. ಸೋರಿದ ಬ್ಯಾಟರಿಯಿಂದ ತುಕ್ಕು ಹಿಡಿದ ತಂತಿ ಮತ್ತು ಸ್ವಿಚ್ಚುಗಳು, ಅಂಟು ಬಿಟ್ಟ ಪ್ಲೈವುಡ್ ಒಡಲು, ಗ್ರೀಸ್ ಒಣಗಿ ಬಿಗಿದುಕೊಂಡ ಪ್ರೊಪೆಲ್ಲರ್ ದಂಡ, ಶಿಥಿಲವಾದ ರಬ್ಬರ್ ಪಟ್ಟಿ ಇವು ಅವರಿಗೆ ಎದುರಾಗುವ ಸಾಮಾನ್ಯ ಸಮಸ್ಯೆಗಳು. ಕವಾಟಗಳಿಗೆ ಬೇಕಾದ ಹೆಚ್ಚು ವೋಲ್ಟೇಜಿನ ಹಳೆಯ ಬ್ಯಾಟರಿಗಳು ಅಂಗಡಿಗಳಲ್ಲಿ ಸುಲಭವಾಗಿ ದೊರೆಯದ ಕಾರಣ, ಸಣ್ಣ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿಕೊಳ್ಳುವುದುಂಟು. ಕೆಲವರು ಮೂಲ ರೇಡಿಯೊವನ್ನು ಹಾಗೆಯೇ ಕಾಪಾಡಿ, ನೀರಿಗೆ ಇಳಿಸುವಾಗ ಮಾತ್ರ ಇಂದಿನ 2.4 ಗಿಗಾಹರ್ಟ್ಸ್ ಗ್ರಾಹಕವನ್ನು ಬಳಸುತ್ತಾರೆ. ಇನ್ನು ಕೆಲವರು ಮೂಲ ವ್ಯವಸ್ಥೆಯನ್ನೇ ಸರಿಪಡಿಸಿ ನಡೆಸುತ್ತಾರೆ; ಸರದಿಯ ಕ್ರಮವನ್ನು ಮನಸ್ಸಿನಲ್ಲಿ ಎಣಿಸುತ್ತ ದೋಣಿ ನಡೆಸುವ ಕಷ್ಟ ಮತ್ತು ಸೊಗಸು ಆಗ ಅನುಭವಕ್ಕೆ ಬರುತ್ತದೆ.

ಕೊನೆಯ ದಿನಗಳು

ಟೆಸ್ಲಾ ಅವಿವಾಹಿತರಾಗಿಯೇ ಉಳಿದರು. ಬಾಳಿನ ಹೆಚ್ಚು ಭಾಗವನ್ನು ಹೋಟೆಲುಗಳಲ್ಲಿ ಕಳೆದರು. ಬಾಕಿ ತೀರಿಸಲಾಗದೆ ಒಂದು ಹೋಟೆಲಿನಿಂದ ಮತ್ತೊಂದಕ್ಕೆ ಹೋಗಬೇಕಾದ ಸಂದರ್ಭಗಳೂ ಬಂದವು. ವಾರ್ಡನ್‌ಕ್ಲಿಫ್ ಆಸ್ತಿಯೂ ಹೋಟೆಲ್ ಸಾಲಕ್ಕೆ ಹೋಯಿತು. ಉದ್ಯಾನವನದ ಪಾರಿವಾಳಗಳಿಗೆ ಕಾಳು ಹಾಕುವುದು, ಗಾಯಗೊಂಡವನ್ನು ಕೋಣೆಗೆ ತಂದು ಉಪಚರಿಸುವುದು ಅವರ ನಿತ್ಯದ ಕೆಲಸವಾಗಿತ್ತು. 1934ರಿಂದ ವೆಸ್ಟಿಂಗ್‌ಹೌಸ್ ಕಂಪನಿ ತಿಂಗಳಿಗೆ 125 ಡಾಲರ್ ಮತ್ತು ಕೋಣೆಯ ಬಾಡಿಗೆಯನ್ನು ಕೊಡುತ್ತಿತ್ತು.

1943ರ ಜನವರಿ 7ರಂದು ನ್ಯೂಯಾರ್ಕರ್ ಹೋಟೆಲಿನ 3327ನೆಯ ಕೋಣೆಯಲ್ಲಿ ಟೆಸ್ಲಾ ಒಬ್ಬಂಟಿಯಾಗಿ ಕೊನೆಯುಸಿರೆಳೆದರು. ಆಗ ಅವರಿಗೆ 86 ವರ್ಷ. ಅದೇ ವರ್ಷದ ಜೂನ್ ತಿಂಗಳಿನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಲಾಡ್ಜ್, ಟೆಸ್ಲಾ ಮತ್ತು ಸ್ಟೋನ್ ಅವರ ಹಿಂದಿನ ಕಾರ್ಯವನ್ನು ಪರಿಗಣಿಸಿ, ಮಾರ್ಕೋನಿ ಕಂಪನಿಯ ರೇಡಿಯೊ ಪೇಟೆಂಟಿನ ಕೆಲವು ಹಕ್ಕುಗಳನ್ನು ಅಸಿಂಧುವೆಂದು ಘೋಷಿಸಿತು. ಆ ತೀರ್ಪನ್ನು ಕೇಳಲು ಟೆಸ್ಲಾ ಬದುಕಿರಲಿಲ್ಲ.

ಗೌರವ ಮತ್ತು ಸ್ಮರಣೆ

1917ರಲ್ಲಿ ಟೆಸ್ಲಾ ಅವರಿಗೆ ಎಡಿಸನ್ ಪದಕ ನೀಡಿ ಗೌರವಿಸಲಾಗಿತ್ತು. 1960ರಲ್ಲಿ ಕಾಂತೀಯ ಅಭಿವಾಹ ಸಾಂದ್ರತೆಯ ಅಂತರರಾಷ್ಟ್ರೀಯ ಮಾನಕ್ಕೆ ಟೆಸ್ಲಾ ಎಂದು ಹೆಸರಿಡಲಾಯಿತು. ಸೋದರಿಯ ಮಗ ಸಾವಾ ಕೊಸಾನೊವಿಚ್ ಅವರ ಪ್ರಯತ್ನದಿಂದ ಅವರ ಕಾಗದಪತ್ರ ಮತ್ತು ವಸ್ತುಗಳು 1951ರಲ್ಲಿ ಬೆಲ್‌ಗ್ರೇಡ್ ನಗರವನ್ನು ಸೇರಿದವು. 1952ರಲ್ಲಿ ಅಲ್ಲಿ ನಿಕೋಲ ಟೆಸ್ಲಾ ವಸ್ತುಸಂಗ್ರಹಾಲಯ ಸ್ಥಾಪನೆಯಾಯಿತು. 1957ರಲ್ಲಿ ಅವರ ಚಿತಾಭಸ್ಮವನ್ನೂ ಅಲ್ಲಿಗೆ ತಂದು, ಬಂಗಾರದ ಲೇಪನವುಳ್ಳ ಗೋಳವೊಂದರಲ್ಲಿ ಇರಿಸಲಾಗಿದೆ. 2003ರಲ್ಲಿ ಈ ಸಂಗ್ರಹ ಯುನೆಸ್ಕೊದ ವಿಶ್ವಸ್ಮೃತಿ ಪಟ್ಟಿಗೆ ಸೇರಿತು.

ಈ ಸಂಗ್ರಹಾಲಯದಲ್ಲಿ 1898ರ ದೋಣಿಯ ಪ್ರತಿಕೃತಿಯನ್ನೂ ಕಾಣಬಹುದು. ವಿದ್ಯುತ್ ಪ್ರಸರಣಕ್ಕೆ ಟೆಸ್ಲಾ ನೀಡಿದ ಕೊಡುಗೆಗೆ ಅವರ ಜೀವಿತಕಾಲದಲ್ಲೇ ಮನ್ನಣೆ ದೊರೆಯಿತು. ದೋಣಿಯ ನಿಜವಾದ ಮಹತ್ವ ಲೋಕಕ್ಕೆ ಅರಿವಾದದ್ದು ದೂರನಿಯಂತ್ರಿತ ಯಂತ್ರಗಳು ನಿತ್ಯಜೀವನದ ಭಾಗವಾದ ಮೇಲೆ.